ಸಂಘದ ಸಿಬ್ಬಂದಿ ಮನಸ್ಸಿಟ್ಟು ದುಡಿಯಬೇಕಾದರೆ



ಹಬ್ಬವಿರಲಿ, ಮಳೆಯಿರಲಿ, ದಿನಕ್ಕೆ ಎರಡು ಹೊತ್ತು ಸಂಘದ ಬಾಗಿಲು ತೆರೆಯಲೇಬೇಕು. ಈ ಹೊಣೆ ಹೊತ್ತವರು ಕಾರ್ಯದರ್ಶಿ, ಹಾಲು ಪರೀಕ್ಷಕ ಮತ್ತು ಸಹಾಯಕರು. ಇವರ ಸಂಬಳ ದೊಡ್ಡದಲ್ಲ. ಆದರೂ ಕೆಲವು ಸಂಘಗಳಲ್ಲಿ ಅದೇ ಸಿಬ್ಬಂದಿ ವರ್ಷಗಟ್ಟಲೆ ಇರುತ್ತಾರೆ, ಕೆಲವೆಡೆ ಪದೇ ಪದೇ ಬದಲಾಗುತ್ತಾರೆ. ಇದಕ್ಕೆ ಸಂಬಳವೊಂದೇ ಕಾರಣವಲ್ಲ. ಅಧ್ಯಕ್ಷರು ಮತ್ತು ಆಡಳಿತ ಮಂಡಳಿ ಅವರೊಂದಿಗೆ ಮಾತಾಡುವ, ನಡೆದುಕೊಳ್ಳುವ ರೀತಿಯೂ ಕಾರಣ.

ಇದು ನಮ್ಮ ಬಟವಾಡೆಗೇ ಸಂಬಂಧಿಸಿದ ವಿಷಯ. ಪರೀಕ್ಷಕರು ಬೇಸರದಲ್ಲಿ ಹಾಲನ್ನು ಸರಿಯಾಗಿ ಕಲಕದೆ ಮಾದರಿ ತೆಗೆದರೆ ಫ್ಯಾಟ್ ತಪ್ಪಾಗಿ ಬರುತ್ತದೆ. ಕ್ಯಾನ್ ತೊಳೆಯುವಲ್ಲಿ ಅಸಡ್ಡೆಯಾದರೆ ಎಲ್ಲರ ಹಾಲೂ ಕೆಡುತ್ತದೆ.

ಆನಂದ್ ಕಲಿಸಿದ ಪಾಠ

ಡಾ. ವರ್ಗೀಸ್ ಕುರಿಯನ್ 1949ರಲ್ಲಿ ಗುಜರಾತಿನ ಆನಂದ್‌ಗೆ ಬಂದಿದ್ದು ಸರ್ಕಾರಿ ನೌಕರರಾಗಿ. ಅಲ್ಲಿ ಅವರ ಮನಸ್ಸು ನಿಲ್ಲಲಿಲ್ಲ, ರಾಜೀನಾಮೆ ಕೊಟ್ಟು ಹೊರಟು ನಿಂತರು. ಆಗ ಖೇಡಾ ಹಾಲು ಒಕ್ಕೂಟದ ಅಧ್ಯಕ್ಷ ತ್ರಿಭುವನದಾಸ್ ಪಟೇಲರು, ಯಂತ್ರಗಳು ಸರಿಹೋಗುವವರೆಗಾದರೂ ಇರಿ ಎಂದು ಕೇಳಿಕೊಂಡರು. ರೈತರನ್ನು ಒಗ್ಗೂಡಿಸುವ ಕೆಲಸವನ್ನು ತಾವು ನೋಡಿಕೊಂಡು, ಡೇರಿ ನಡೆಸುವ ಕೆಲಸವನ್ನು ಕುರಿಯನ್‌ರಿಗೆ ನಂಬಿ ಬಿಟ್ಟರು. ಕುರಿಯನ್ 2012ರಲ್ಲಿ ತೀರಿಕೊಳ್ಳುವವರೆಗೂ ಆನಂದ್‌ನಲ್ಲೇ ಉಳಿದರು. ಅವರನ್ನು ಹಿಡಿದು ನಿಲ್ಲಿಸಿದ್ದು ಆ ನಂಬಿಕೆ.

ನಮ್ಮ ಸಂಘದಲ್ಲಿ ಏನು ಮಾಡಬಹುದು?

* ಮಹಾಂತೇಶ ನಗರದ ಒಕ್ಕೂಟದಿಂದ ದರ ಬದಲಾವಣೆಯ ಸುತ್ತೋಲೆ ಬಂದರೆ ಮೊದಲು ಸಿಬ್ಬಂದಿಗೆ ಕಾರಣ ತಿಳಿಸಿ. ದರ ಇಳಿದ ದಿನ ರೈತರ ಸಿಟ್ಟು ಬೀಳುವುದು ಪರೀಕ್ಷಕರ ಮೇಲೆ. ಆ ಹೊತ್ತಿನಲ್ಲಿ ಅಧ್ಯಕ್ಷರು ಅವರ ಪಕ್ಕದಲ್ಲಿ ನಿಂತು ತಾವೇ ಉತ್ತರ ಕೊಡಬೇಕು.
* ತಪ್ಪಾದರೆ ಒಳಗೆ ಕರೆದು ಹೇಳಿ. ಸಾಲಿನಲ್ಲಿ ನಿಂತ ಜನರೆದುರು ಬೈಯಬೇಡಿ. ಒಳ್ಳೆಯ ಕೆಲಸವನ್ನು ಮಾತ್ರ ಸರ್ವಸಾಧಾರಣ ಸಭೆಯಲ್ಲೇ ಹೆಸರು ಹಿಡಿದು ಹೊಗಳಿ.
* ನಿರ್ದೇಶಕರ ಮನೆಯ ಹಾಲಿಗೂ ಅದೇ ಪರೀಕ್ಷೆ ಇರಲಿ. ಫ್ಯಾಟ್ ಹೆಚ್ಚು ಬರೆಯಿರಿ ಎಂಬ ಒತ್ತಡ ಬಂದರೆ ಪ್ರಾಮಾಣಿಕ ನೌಕರ ಉಳಿಯುವುದಿಲ್ಲ.
* ಖಾನಾಪುರದಂಥ ಕಡೆ ಮರಾಠಿ ಮಾತಾಡುವ ಸದಸ್ಯರೂ ಇದ್ದಾರೆ. ಸೂಚನಾ ಫಲಕ ಎರಡೂ ಭಾಷೆಯಲ್ಲಿದ್ದರೆ ಸಿಬ್ಬಂದಿಯ ಅರ್ಧ ತಂಟೆ ತಪ್ಪುತ್ತದೆ.
* ತಿಂಗಳ ಸಭೆಯಲ್ಲಿ ಹತ್ತು ನಿಮಿಷ ಸಿಬ್ಬಂದಿಯ ಮಾತು ಕೇಳಿ. ಕೇಳಿದ್ದಕ್ಕೆ ಮುಂದಿನ ಸಭೆಯೊಳಗೆ ಉತ್ತರ ಕೊಡಿ.

ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಿಲ್ಲ. ಹಾಗೆಂದು ಒಳ್ಳೆಯ ಮಾತನ್ನೇ ಸಂಬಳವೆಂದು ತಿಳಿಯಬಾರದು. ಸಂಘಕ್ಕೆ ಲಾಭ ಬಂದಾಗ ಸಿಬ್ಬಂದಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಸಲ್ಲಲಿ. ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಿ.