ಜಿಂಕೆಯ ಬೇಟೆಯಲ್ಲಿ ಗುಂಡಿನ ಆಯ್ಕೆ

ಯುದ್ಧದಲ್ಲಿ ಮನುಷ್ಯರ ಮೇಲೆ ಪ್ರಯೋಗಿಸಕೂಡದೆಂದು ರಾಷ್ಟ್ರಗಳು ನಿಷೇಧಿಸಿರುವ ಒಂದು ಬಗೆಯ ಗುಂಡುಂಟು. ಜಿಂಕೆಯನ್ನು ರೈಫಲಿನಿಂದ ಬೇಟೆಯಾಡುವವನು ಅದೇ ಬಗೆಯ ಗುಂಡನ್ನು ಉಪಯೋಗಿಸಲೇಬೇಕೆಂದು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳ ಕಾನೂನು ವಿಧಿಸುತ್ತದೆ. ಮೇಲುನೋಟಕ್ಕೆ ಈ ಎರಡು ವಿಧಿಗಳು ಪರಸ್ಪರ ವಿರುದ್ಧವಾಗಿ ಕಾಣುತ್ತವೆ. ಆದರೆ ಇವೆರಡರ ಹಿಂದೆಯೂ ಇರುವ ಭೌತವಿಜ್ಞಾನ ಒಂದೇ, ಉದ್ದೇಶವೂ ಒಂದೇ. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ನಮ್ಮ ದೇಶದಲ್ಲಿ ಜಿಂಕೆಯ ಬೇಟೆ ಅಪರಾಧ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ ೧೯೯೧ರಲ್ಲಿ ಆದ ತಿದ್ದುಪಡಿಯೂ ಚುಕ್ಕೆ ಜಿಂಕೆ, ಕಡವೆ ಮೊದಲಾದ ಪ್ರಾಣಿಗಳಿಗೆ ರಕ್ಷಣೆ ಕೊಟ್ಟಿವೆ. ಅಮೆರಿಕದ ಪರಿಸ್ಥಿತಿಯಾದರೋ ಬೇರೆ. ಅಲ್ಲಿ ಜಿಂಕೆಯನ್ನು ಹಿಡಿದು ತಿನ್ನುತ್ತಿದ್ದ ತೋಳ ಮತ್ತು ಪೂಮಾಗಳು ಅನೇಕ ಪ್ರಾಂತಗಳಿಂದ ಕಣ್ಮರೆಯಾದವು. ಬಿಳಿಬಾಲದ ಜಿಂಕೆಗಳ ಸಂಖ್ಯೆ ಈಗ ಸುಮಾರು ಮೂರು ಕೋಟಿಯೆಂದು ಅಂದಾಜು. ಅವು ಬೆಳೆಯನ್ನೂ ಕಾಡಿನ ಎಳೆಯ ಸಸಿಗಳನ್ನೂ ಮೇದು ಹಾಳುಮಾಡುತ್ತವೆ. ರಸ್ತೆಗಳಲ್ಲಿ ವಾಹನಗಳಿಗೆ ಅಡ್ಡ ಬರುತ್ತವೆ. ಆದುದರಿಂದ ಅಲ್ಲಿನ ಸಂಸ್ಥಾನಗಳು ಪ್ರತಿ ವರ್ಷವೂ ಪರವಾನಗಿ ಕೊಟ್ಟು ಬೇಟೆಗೆ ಅವಕಾಶ ಮಾಡಿಕೊಡುತ್ತವೆ. ಕೊಲ್ಲುವುದೇ ನಿಶ್ಚಯವಾದ ಮೇಲೆ ಆ ಪ್ರಾಣಿ ಎಷ್ಟು ಬೇಗ, ಎಷ್ಟು ಕಡಿಮೆ ನೋವಿನಿಂದ ಸಾಯಬೇಕೆಂಬ ಪ್ರಶ್ನೆ ಉಳಿಯುತ್ತದೆ. ಗುರಿಕಾರನ ಕೌಶಲವನ್ನು ಬಿಟ್ಟರೆ ಇದನ್ನು ನಿರ್ಧರಿಸುವುದು ಗುಂಡಿನ ಆಯ್ಕೆ.

ಶಕ್ತಿಯ ಲೆಕ್ಕ

ಅಮೆರಿಕದ ಸೈನ್ಯವು ೧೯೦೬ರಲ್ಲಿ ಅಂಗೀಕರಿಸಿದ 'ಥರ್ಟಿ-ಆಟ್-ಸಿಕ್ಸ್' ಎಂಬ ತೋಟಾ ಬೇಟೆಗಾರರಲ್ಲಿಯೂ ಬಹಳ ಪ್ರಚಾರಕ್ಕೆ ಬಂದಿದೆ. ಅದರ ಸಾಮಾನ್ಯವಾದ ಒಂದು ಗುಂಡಿನ ತೂಕ ೯.೭ ಗ್ರಾಂ. ನಳಿಗೆಯಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು ೮೮೫ ಮೀಟರ್. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ದೊರೆಯುತ್ತದೆಯೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆ ಲೆಕ್ಕದಂತೆ ಈ ಗುಂಡಿನಲ್ಲಿರುವ ಶಕ್ತಿ ಸುಮಾರು ೩,೮೦೦ ಜೂಲ್. ಒಂದು ಕ್ವಿಂಟಾಲ್ ಅಕ್ಕಿಯ ಮೂಟೆಯನ್ನು ಸುಮಾರು ನಾಲ್ಕು ಮೀಟರ್ ಎತ್ತರಕ್ಕೆ ಏರಿಸಲು ಇಷ್ಟು ಶಕ್ತಿ ಬೇಕು.

ಇಷ್ಟೊಂದು ಶಕ್ತಿಯುಳ್ಳ ಗುಂಡು ಜಿಂಕೆಯನ್ನು ಎತ್ತಿ ಎಸೆಯುತ್ತದೆಯೆಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು. ವಸ್ತುವನ್ನು ತಳ್ಳುವ ವಿಚಾರದಲ್ಲಿ ನಾವು ನೋಡಬೇಕಾದುದು ಚಲನಶಕ್ತಿಯನ್ನಲ್ಲ, ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವಾದ ಸಂವೇಗವನ್ನು. ಗುಂಡು ೬೦ ಕಿಲೋಗ್ರಾಂ ತೂಕದ ಜಿಂಕೆಯ ದೇಹದಲ್ಲಿಯೇ ಪೂರ್ತಿಯಾಗಿ ನಿಂತಿತೆಂದು ಇಟ್ಟುಕೊಳ್ಳೋಣ. ಆಗ ಜಿಂಕೆಗೆ ಬರುವ ವೇಗ ಸೆಕೆಂಡಿಗೆ ಸುಮಾರು ೧೪ ಸೆಂಟಿಮೀಟರ್ ಮಾತ್ರ. ನಡೆಯುವ ಮನುಷ್ಯನ ವೇಗದ ಹತ್ತರಲ್ಲಿ ಒಂದು ಪಾಲು. ಕೋವಿಯ ಹಿಂದೊದೆತದಿಂದ ಬೇಟೆಗಾರನ ಹೆಗಲಿಗೂ ಇಷ್ಟೇ, ಅಥವಾ ಇದಕ್ಕಿಂತ ತುಸು ಹೆಚ್ಚೇ ಸಂವೇಗ ತಗಲುತ್ತದೆ. ಆದರೂ ಅವನು ನಿಂತೇ ಇರುತ್ತಾನೆ.

ಹಾಗಾದರೆ ಜಿಂಕೆ ಸಾಯುವುದು ಹೇಗೆ? ಮಿದುಳಿಗೆ ರಕ್ತ ನಿಂತುಹೋಗುವುದರಿಂದ. ಬೇಟೆಗಾರನು ಮುಂಗಾಲಿನ ಹಿಂಬದಿಗೆ, ಹೃದಯ ಮತ್ತು ಶ್ವಾಸಕೋಶಗಳಿರುವ ಎದೆಗೆ ಗುರಿಯಿಡುತ್ತಾನೆ. ಅಲ್ಲಿನ ದೊಡ್ಡ ರಕ್ತನಾಳಗಳು ಹರಿದಾಗ ರಕ್ತದ ಒತ್ತಡ ತಟ್ಟನೆ ಇಳಿದು ಕೆಲವೇ ಸೆಕೆಂಡುಗಳಲ್ಲಿ ಜಿಂಕೆಗೆ ಪ್ರಜ್ಞೆ ತಪ್ಪುತ್ತದೆ. ಆದುದರಿಂದ ಗಾಯವು ಸಾಕಷ್ಟು ಅಗಲವಾಗಿರಬೇಕು, ಸಾಕಷ್ಟು ಆಳಕ್ಕೂ ಹೋಗಬೇಕು. ಗುಂಡಿನಲ್ಲಿ ಶಕ್ತಿ ಎಷ್ಟಿದೆ ಎಂಬುದಕ್ಕಿಂತ ಆ ಶಕ್ತಿ ಎಲ್ಲಿ ವ್ಯಯವಾಗುತ್ತದೆ ಎಂಬುದೇ ಮುಖ್ಯ.

ಅರಳುವ ಗುಂಡು

ಗುಂಡಿನ ತಿರುಳು ಸಾಮಾನ್ಯವಾಗಿ ಸೀಸ. ಅದರ ಮೇಲೆ ತಾಮ್ರದ ಮಿಶ್ರಲೋಹದ ಕವಚವಿರುತ್ತದೆ. ಕವಚವು ಮೊನೆಯನ್ನೂ ಮುಚ್ಚಿದ್ದರೆ ಗುಂಡು ತನ್ನ ಆಕಾರವನ್ನು ಬಹುಮಟ್ಟಿಗೆ ಉಳಿಸಿಕೊಂಡು ದೇಹವನ್ನು ತೂರಿ, ಹೆಚ್ಚಿನ ಶಕ್ತಿಯನ್ನು ತನ್ನೊಡನೆಯೇ ಒಯ್ಯಬಹುದು. ಕಿರಿದಾದ ಗಾಯವನ್ನು ಹೊತ್ತು ಜಿಂಕೆ ಓಡಿಹೋಗಿ ಎಲ್ಲಿಯೋ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಇದಕ್ಕೆ ವಿರುದ್ಧವಾಗಿ, ಸಣ್ಣ ಪ್ರಾಣಿಗಳಿಗೆಂದು ಮಾಡಿದ ತೆಳು ಕವಚದ ಗುಂಡು ಜಿಂಕೆಯ ಹೆಗಲಿನ ಮೂಳೆಗೆ ತಾಗಿದೊಡನೆಯೇ ಪುಡಿಯಾಗುವ ಸಂಭವವುಂಟು. ಆಗ ಮೇಲೆ ದೊಡ್ಡ ಗಾಯವಾಗುತ್ತದೆ, ಒಳಗಿನ ಅಂಗಗಳಿಗೆ ಪೆಟ್ಟು ತಲುಪುವುದಿಲ್ಲ. ಫಲ ಮತ್ತೆ ದೀರ್ಘವಾದ ನರಳಾಟ.

ಬೇಕಾದುದು ಈ ಎರಡರ ನಡುವಿನದು: ಮೊನೆಯಲ್ಲಿ ಸೀಸ ತೆರೆದಿರುವ, ಇಲ್ಲವೆ ಮೊನೆ ಟೊಳ್ಳಾಗಿರುವ ಗುಂಡು. ಪ್ರಾಣಿಯ ದೇಹದ ಬಹುಭಾಗ ನೀರು. ಸೆಕೆಂಡಿಗೆ ೮೦೦ ಮೀಟರ್ ವೇಗದಲ್ಲಿ ನೀರನ್ನು ಹೊಕ್ಕ ಗುಂಡಿನ ಮೊನೆಯ ಮೇಲೆ ಬೀಳುವ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ೩,೨೦೦ ಪಟ್ಟು. ಸೀಸವು ಅದರ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ಒತ್ತಡದಲ್ಲಿ ಆಕಾರಗೆಡುವ ಮೃದು ಲೋಹ. ಆದುದರಿಂದ ಮೊನೆಯು ಅಣಬೆಯಂತೆ ಅರಳುತ್ತದೆ. ಅದರ ವ್ಯಾಸ ಎರಡರಷ್ಟಾದರೆ ಎದುರು ಮುಖದ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ಗುಂಡು ತನ್ನ ಶಕ್ತಿಯನ್ನು ಎದೆಯೊಳಗೇ ಬಿಟ್ಟುಕೊಡುತ್ತದೆ.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಈ ಒತ್ತಡವೂ ವೇಗದ ವರ್ಗವನ್ನು ಅನುಸರಿಸುತ್ತದೆ. ಗಾಳಿಯ ತಡೆಯಿಂದ ವೇಗ ಅರ್ಧಕ್ಕೆ ಇಳಿದರೆ ಒತ್ತಡ ಕಾಲು ಭಾಗವಾಗುತ್ತದೆ. ಹತ್ತಿರದಲ್ಲಿ ಚೆನ್ನಾಗಿ ಅರಳುವ ಗುಂಡು ಬಹು ದೂರದಲ್ಲಿ ಅರಳದೆಯೇ ಹಾದುಹೋಗಬಹುದು. ಆದುದರಿಂದ ಪ್ರಾಣಿಯ ಗಾತ್ರ ಮತ್ತು ದೂರ ಇವೆರಡನ್ನೂ ಅರಿತು ಗುಂಡನ್ನು ಆರಿಸಬೇಕು. ಅಮೆರಿಕದ ಜಾನ್ ನೋಸ್ಲರ್ ಎಂಬಾತನು ೧೯೪೬ರಲ್ಲಿ ಕೆನಡದಲ್ಲಿ ಮೂಸ್ ಎಂಬ ಭಾರಿ ಜಿಂಕೆಯನ್ನು ಬೇಟೆಯಾಡಿದಾಗ ಅವನ ಗುಂಡುಗಳು ಆಳಕ್ಕೆ ಇಳಿಯಲಿಲ್ಲ. ಆ ಬಳಿಕ ಅವನು ಗುಂಡಿನ ನಡುವೆ ತಾಮ್ರದ ಮಿಶ್ರಲೋಹದ ಒಂದು ಅಡ್ಡಗೋಡೆಯನ್ನಿರಿಸಿದನು. ಅದರ ಮುಂಭಾಗ ಅರಳುತ್ತದೆ. ಹಿಂಭಾಗ ಇಡಿಯಾಗಿ ಉಳಿದು ಆಳಕ್ಕೆ ನುಗ್ಗುತ್ತದೆ.

ಈಗ ಮೊದಲು ಹೇಳಿದ ವಿರೋಧಾಭಾಸಕ್ಕೆ ಉತ್ತರ ಸಿಗುತ್ತದೆ. ೧೮೯೦ರ ದಶಕದಲ್ಲಿ ಕಲ್ಕತ್ತೆಯ ಬಳಿಯ ದಂದಂ ಶಸ್ತ್ರಾಗಾರದಲ್ಲಿ ಮೊನೆಯ ಕವಚವನ್ನು ತೆಗೆದ ಗುಂಡನ್ನು ಬ್ರಿಟಿಷರು ತಯಾರಿಸಿದರು. 'ದಂದಂ ಗುಂಡು' ಎಂಬ ಹೆಸರು ಬಂದುದು ಅಲ್ಲಿಂದಲೇ. ೧೮೯೯ರಲ್ಲಿ ಹೇಗ್ ನಗರದ ಸಮ್ಮೇಳನ ಇಂತಹ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಶತ್ರುವಿನ ಸೈನಿಕ ಕಾದಾಡಲು ಅಸಮರ್ಥನಾದರೆ ಸಾಕು, ಅವನಿಗೆ ಅದಕ್ಕಿಂತ ಹೆಚ್ಚಿನ ನೋವು ವ್ಯರ್ಥವೆಂಬುದು ಅಲ್ಲಿಯ ನ್ಯಾಯ. ಬೇಟೆಯಲ್ಲಿ ಪ್ರಾಣಿ ಬರಿದೆ ಗಾಯಗೊಂಡು ತಪ್ಪಿಸಿಕೊಳ್ಳುವುದೇ ವ್ಯರ್ಥವಾದ ನೋವು. ಎರಡೂ ಕಡೆ ತಪ್ಪಿಸಬೇಕೆಂದಿರುವುದು ನಿಷ್ಪ್ರಯೋಜಕವಾದ ಯಾತನೆಯನ್ನೇ.

ಉಳಿದುಹೋಗುವ ವಿಷ

ಸೀಸದ ಗುಂಡನ್ನು ಪರಿಣಾಮಕಾರಿಯಾಗಿ ಮಾಡುವ ಮೃದುತ್ವವೇ ಮತ್ತೊಂದು ಕೇಡಿಗೂ ಕಾರಣ. ಅರಳುವಾಗ ಸೀಸದ ಚೂರುಗಳು ಒಡೆದು ಸುತ್ತಲಿನ ಮಾಂಸದಲ್ಲಿ ಹರಡುತ್ತವೆ. ಬೇಟೆಯಾದ ಜಿಂಕೆಗಳ ಎಕ್ಸ್‌ರೇ ಚಿತ್ರಗಳಲ್ಲಿ ಒಂದೇ ಗುಂಡಿನಿಂದ ಒಡೆದ ನೂರಾರು ಚೂರುಗಳು ಕಂಡುಬಂದಿವೆ. ಅವುಗಳಲ್ಲಿ ಹಲವು ಮರಳಿನ ಕಣಕ್ಕಿಂತ ಚಿಕ್ಕವು; ಊಟಮಾಡುವವನ ನಾಲಗೆಗೆ ತಿಳಿಯುವಂಥವಲ್ಲ. ಬೇಟೆಗಾರರು ಕರುಳು ಮೊದಲಾದವನ್ನು ಕಾಡಿನಲ್ಲಿಯೇ ತೆಗೆದುಹಾಕುವುದು ವಾಡಿಕೆ. ಅದನ್ನು ಹದ್ದುಗಳೂ ರಣಹದ್ದುಗಳೂ ತಿನ್ನುತ್ತವೆ. ಅವುಗಳ ಹೊಟ್ಟೆಯ ಪ್ರಬಲವಾದ ಆಮ್ಲ ಸೀಸವನ್ನು ಕರಗಿಸುತ್ತದೆ. ಕರಗಿದ ಸೀಸ ರಕ್ತವನ್ನು ಸೇರಿ ನರಗಳನ್ನೂ ಜೀರ್ಣಾಂಗಗಳನ್ನೂ ಸ್ತಬ್ಧಗೊಳಿಸುತ್ತದೆ. ಆಹಾರ ತುಂಬಿದ ಗಂಟಲಚೀಲವಿದ್ದೂ ಪಕ್ಷಿ ಹಸಿವಿನಿಂದ ಸಾಯುತ್ತದೆ.

ರೆಕ್ಕೆ ಬಿಚ್ಚಿದರೆ ಸುಮಾರು ಮೂರು ಮೀಟರ್ ಅಗಲವಾಗುವ ಕ್ಯಾಲಿಫೋರ್ನಿಯದ ಕಾಂಡೊರ್ ಪಕ್ಷಿಯ ಕಥೆ ಇದಕ್ಕೆ ಸಾಕ್ಷಿ. ೧೯೮೨ರಲ್ಲಿ ಅವು ಕೇವಲ ೨೨ ಉಳಿದಿದ್ದವು. ೧೯೮೭ರ ವೇಳೆಗೆ ಕಾಡಿನಲ್ಲಿದ್ದ ಎಲ್ಲವನ್ನೂ ಹಿಡಿದು ಪಂಜರದಲ್ಲಿ ಸಾಕಿ ಮರಿಮಾಡಿಸಬೇಕಾಯಿತು. ಈಗ ಅವುಗಳ ಒಟ್ಟು ಸಂಖ್ಯೆ ಐನೂರನ್ನು ಮೀರಿದೆ. ಆದರೂ ಕಾಡಿಗೆ ಮರಳಿ ಬಿಟ್ಟ ಪಕ್ಷಿಗಳ ಸಾವಿಗೆ ಮುಖ್ಯ ಕಾರಣವಾಗಿ ಕಂಡುಬಂದಿರುವುದು ಸೀಸದ ವಿಷ. ನಮ್ಮ ದೇಶದ ರಣಹದ್ದುಗಳೂ ಹೀಗೆಯೇ ಆಹಾರದ ಮೂಲಕ ನಾಶವಾದುವು. ಅಲ್ಲಿ ವಿಷವಾದುದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ. ಪಶುಚಿಕಿತ್ಸೆಯಲ್ಲಿ ಅದನ್ನು ೨೦೦೬ರಲ್ಲಿ ನಿಷೇಧಿಸಲಾಯಿತು. ಕ್ಯಾಲಿಫೋರ್ನಿಯವು ೨೦೧೩ರಲ್ಲಿ ಕಾನೂನು ಮಾಡಿ, ೨೦೧೯ರ ಜುಲೈ ೧ರಿಂದ ಬೇಟೆಯಲ್ಲಿ ಸೀಸದ ಗುಂಡುಗಳನ್ನು ಪೂರ್ತಿಯಾಗಿ ನಿಷೇಧಿಸಿತು.

ಸೀಸದ ಬದಲು ಬಂದಿರುವುದು ಶುದ್ಧ ತಾಮ್ರದ ಗುಂಡು. ಅದು ಟೊಳ್ಳು ಮೊನೆಯಿಂದ ಹೂವಿನ ಎಸಳುಗಳಂತೆ ಬಿಚ್ಚಿಕೊಳ್ಳುತ್ತದೆ, ಒಡೆಯುವುದು ವಿರಳ. ಆದರೆ ತಾಮ್ರ ಸೀಸಕ್ಕಿಂತ ಗಡುಸು. ಅರಳಲು ಹೆಚ್ಚು ವೇಗ ಬೇಕು. ಸೀಸದ ಸಾಪೇಕ್ಷ ಸಾಂದ್ರತೆ ೧೧.೩ ಆದರೆ ತಾಮ್ರದ್ದು ಸುಮಾರು ೯. ಆದುದರಿಂದ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗುತ್ತದೆ, ಅದನ್ನು ಸ್ಥಿರವಾಗಿಡಲು ನಳಿಗೆಯೊಳಗಿನ ಸುರುಳಿ ಗೀರುಗಳು ಇನ್ನಷ್ಟು ಬಿಗಿಯಾಗಿ ತಿರುಗಿರಬೇಕಾಗುತ್ತದೆ. ಅನೇಕ ಬೇಟೆಗಾರರು ತುಸು ಹಗುರವಾದ ತಾಮ್ರದ ಗುಂಡನ್ನು ಹೆಚ್ಚು ವೇಗದಿಂದ ಹಾರಿಸಿ, ತೀರ ದೂರದ ಗುರಿಯನ್ನು ಕೈಬಿಟ್ಟು, ಈ ತೊಡಕುಗಳನ್ನು ನಿವಾರಿಸಿಕೊಂಡಿದ್ದಾರೆ.

ಒಂದು ಗುಂಡು ಪರಿಣಾಮಕಾರಿಯೇ ಎಂಬುದನ್ನು ಹಿಂದೆ ಜಿಂಕೆ ಬಿದ್ದ ಕ್ಷಣದಲ್ಲಿ ನಿರ್ಧರಿಸುತ್ತಿದ್ದರು. ಆ ಪರೀಕ್ಷೆ ಇಂದಿಗೂ ಅವಶ್ಯ. ಅದನ್ನು ಗೆಲ್ಲದ ಗುಂಡು ಕ್ರೂರವಾದುದು. ಆದರೆ ಜಿಂಕೆ ಬಿದ್ದಮೇಲೂ ಗುಂಡಿನ ಪದಾರ್ಥ ಅಲ್ಲಿಯೇ ಇರುತ್ತದೆ. ಮಾಂಸ ತಿನ್ನುವ ಮನೆಯವರನ್ನೂ ಆಕಾಶದಿಂದ ಇಳಿದುಬರುವ ಹದ್ದನ್ನೂ ತಲುಪುತ್ತದೆ. ಅಷ್ಟು ದೂರದವರೆಗೂ ಲೆಕ್ಕ ಹಾಕಿದ ಮೇಲೆಯೇ ಆಯ್ಕೆ ಪೂರ್ಣವಾಯಿತೆಂದು ಹೇಳಬೇಕು.