ಕಲ್ಲು ಸುಣ್ಣವಾಗಿ, ಸುಣ್ಣ ಮತ್ತೆ ಕಲ್ಲಾಗಿ

‘ರಾಗಿ ಬೀಸಿದರೆ ಹಿಟ್ಟಾಗುತ್ತದೆ. ಹಿಟ್ಟನ್ನು ಮತ್ತೆ ರಾಗಿ ಮಾಡಲು ಆಗುವುದಿಲ್ಲ. ಹಾಗಾದರೆ ಇದು ರಾಸಾಯನಿಕ ಬದಲಾವಣೆ ತಾನೆ?’ ಏಳನೇ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ ಇದು. ಎಂಥ ಒಳ್ಳೆಯ ಪ್ರಶ್ನೆ! ಹಿಂದಕ್ಕೆ ಬಂದರೆ ಭೌತಿಕ, ಬಾರದಿದ್ದರೆ ರಾಸಾಯನಿಕ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸುವ ಸೂತ್ರದ ಬುಡವನ್ನೇ ಇದು ಅಲ್ಲಾಡಿಸುತ್ತದೆ. ಅಲ್ಲಾಡಲೇಬೇಕಾದ ಸೂತ್ರ ಅದು.

ಬೀಸುಕಲ್ಲು ಕಾಳನ್ನು ಪುಡಿ ಮಾಡಿತೇ ಹೊರತು ಹೊಸ ವಸ್ತು ಯಾವುದೂ ಹುಟ್ಟಲಿಲ್ಲ. ಕಾಳಿನಲ್ಲಿದ್ದ ಪಿಷ್ಟ, ನಾರು ಎಲ್ಲ ಹಿಟ್ಟಿನಲ್ಲೂ ಹಾಗೆಯೇ ಇವೆ. ಆದ್ದರಿಂದ ಅದು ಭೌತಿಕ ಬದಲಾವಣೆಯೇ. ಹೊಸ ವಸ್ತು ಹುಟ್ಟಿತೇ ಎಂದಷ್ಟೇ ಕೇಳಬೇಕು.

ಇನ್ನು, ರಾಸಾಯನಿಕವಾಗಿ ಬದಲಾದದ್ದು ಹಿಂದಕ್ಕೆ ಬರುವುದೇ ಇಲ್ಲವೇ? ಬರುತ್ತದೆ. ಸುಣ್ಣದಷ್ಟು ಸೊಗಸಾದ ಸಾಕ್ಷಿ ಇದಕ್ಕೆ ಬೇರೆ ಬೇಕಿಲ್ಲ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ಸುಟ್ಟರೆ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ. 100 ಕಿಲೋ ಶುದ್ಧ ಕಲ್ಲು ಹಾಕಿದರೆ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ಮಿಕ್ಕ 44 ಕಿಲೋ ಗಾಳಿಯ ಪಾಲು. ಈ ಬಿಳಿ ಗಟ್ಟಿಯ ಮೇಲೆ ನೀರು ಹಾಕಿದಾಗ ನೋಡಬೇಕು! ಒಂದು ಗಳಿಗೆ ಸುಮ್ಮನಿರುತ್ತದೆ. ಆಮೇಲೆ ಸುಯ್ಯೆನ್ನುತ್ತ ಬಿರುಕು ಬಿಡುತ್ತದೆ, ಹಬೆ ಏಳುತ್ತದೆ, ಕೆಳಗೆ ಬೆಂಕಿಯೇ ಇಲ್ಲದೆ ಕೊತಕೊತ ಕುದಿಯುತ್ತದೆ, ಕೊನೆಗೆ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಆ 56 ಕಿಲೋ ಸುಣ್ಣ 18 ಕಿಲೋ ನೀರನ್ನು ತನ್ನೊಳಗೆ ಕಟ್ಟಿಕೊಂಡು 74 ಕಿಲೋ ಅರಳಿದ ಸುಣ್ಣವಾಗುತ್ತದೆ.

ಇದನ್ನೇ ತೆಳ್ಳಗೆ ಕಲಸಿ ಗೋಡೆಗೆ ಬಳಿಯುತ್ತಾರೆ. ಅದು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ನೀರನ್ನು ಬಿಟ್ಟುಕೊಡುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಗೋಡೆಗೆ ಹೊಳಪು ಬರುವುದು ಇದರಿಂದಲೇ. ಹೋಗಿದ್ದಷ್ಟೇ, ಅಂದರೆ 44 ಕಿಲೋ ಅನಿಲ ಮರಳಿ ಸೇರಿತು, 18 ಕಿಲೋ ನೀರು ಹೋಯಿತು. ಲೆಕ್ಕ ಮತ್ತೆ 100ಕ್ಕೇ ಬಂದು ನಿಂತಿತು. ಈಗ ಗೋಡೆಯ ಮೇಲಿರುವುದು ಕಲ್ಲಿನಲ್ಲಿದ್ದ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಮೂರು ರಾಸಾಯನಿಕ ಬದಲಾವಣೆಗಳನ್ನು ದಾಟಿ ಕಲ್ಲು ಕಲ್ಲಾಗಿಯೇ ಮರಳಿದೆ.

ಭಟ್ಟಿ ಹುಡುಕಿಕೊಂಡು ಹೋಗಲಾಗದವರಿಗೆ ಅಡುಗೆಮನೆ ಸಾಕು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ, ಕೆಂಪಾಗುತ್ತದೆ. ತಡಮಾಡದೆ ನಿಂಬೆರಸ ಹಿಂಡಿ, ಮತ್ತೆ ಹಳದಿ. ಅರಿಶಿನದ ಕರ್ಕ್ಯುಮಿನ್ ಎಂಬ ವಸ್ತು ಕ್ಷಾರದಲ್ಲಿ ಒಂದು ರೂಪ, ಆಮ್ಲದಲ್ಲಿ ಇನ್ನೊಂದು ರೂಪ ತಾಳುತ್ತದೆ. ಆರತಿ ನೀರಿನ ಕೆಂಪೂ ಇದೇ. ಆ ಕೆಂಪು ಗಾಢವಾದರೆ ದೃಷ್ಟಿ ಬಲವಾಗಿ ತಗುಲಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಸುಣ್ಣ ಎಷ್ಟು ಹಾಕಿದ್ದಾರೆಂದು ಕೇಳಿ. ಮಾಟ ತೆಗೆಯುತ್ತೇನೆಂದು ನಿಂಬೆಹಣ್ಣು ಕೊಯ್ದು ‘ರಕ್ತ’ ತೋರಿಸುವವರದೂ ಇದೇ ಬಗೆಯ ಕೈಚಳಕ. ಚಾಕುವಿಗೆ ಮೊದಲೇ ದಾಸವಾಳದ ರಸ ಸವರಿ ಒಣಗಿಸಿದರೆ ಸಾಕು, ನಿಂಬೆಯ ಹುಳಿ ತಾಕಿದೊಡನೆ ಅದು ಕೆಂಪೇರುತ್ತದೆ. ಶಾಲಾಮಕ್ಕಳು ಮಾಡಬಹುದಾದ ಪ್ರಯೋಗವನ್ನು ತೋರಿಸಿ ಬಡವರ ದುಡ್ಡು ಕೀಳುವುದು ಶುದ್ಧ ಮೋಸ.

ಅರಿಶಿನದ ಪ್ರಯೋಗವನ್ನು ಇವತ್ತೇ ಮಾಡಿ ನೋಡಿ. ಸುಟ್ಟ ಸುಣ್ಣಕ್ಕೆ ನೀರು ಹಾಕುವುದನ್ನು ಮಾತ್ರ ಶಿಕ್ಷಕರೇ ಕನ್ನಡಕ ಹಾಕಿಕೊಂಡು ಮಾಡಿ ತೋರಿಸಲಿ, ನೀವು ದೂರ ನಿಂತು ನೋಡಿ. ಅದರ ಒಂದು ಹನಿ ಸಿಡಿದರೂ ಕಣ್ಣು ಹೋದೀತು.