ಈ ಕಲ್ಲಿನ ಕೆಳಗೆ ಮನೆ ಬೇಡ

1896ರ ಜೂನ್ 15ರ ಸಂಜೆ. ಜಪಾನಿನ ಈಶಾನ್ಯದ ಸಾನ್ರಿಕು ಕರಾವಳಿಯಲ್ಲಿ ಹಬ್ಬದ ಸಡಗರ. ಹಳೆಯ ಪಂಚಾಂಗದಂತೆ ಅಂದು ಗಂಡುಮಕ್ಕಳ ಹಬ್ಬ. ಚೀನಾ ಯುದ್ಧ ಮುಗಿಸಿ ಬಂದ ಸೈನಿಕರೂ ಊರಿನಲ್ಲಿದ್ದರು. ಏಳೂವರೆಯ ಹೊತ್ತಿಗೆ ನೆಲ ಮೆಲ್ಲಗೆ ತೂಗಿತು. ಅಲ್ಲಿಯವರಿಗೆ ಅದೇನು ಹೊಸದೇ? ಊಟ ಬಿಟ್ಟು ಯಾರೂ ಏಳಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಕಡಲು ಊರಿಗೆ ನುಗ್ಗಿತು. ಸತ್ತವರು ಸುಮಾರು 22,000.

ಆ ರಾತ್ರಿ ದೂರದ ನೀರಿನಲ್ಲಿ ಬಲೆ ಹಾಕಿ ಕೂತಿದ್ದವರಿಗೆ ಇದಾವುದೂ ತಿಳಿಯಲಿಲ್ಲ. ಆಳಸಮುದ್ರದಲ್ಲಿ ಸುನಾಮಿ ಅಲೆಯ ಉದ್ದ ನೂರಾರು ಕಿಲೋಮೀಟರ್ ಇದ್ದರೂ ಎತ್ತರ ಬಹಳವಿರದು. ದೋಣಿ ಏರಿ ಇಳಿದದ್ದು ಗೊತ್ತೇ ಆಗುವುದಿಲ್ಲ. ಬೆಳಗ್ಗೆ ಮರಳಿದವರ ದೋಣಿಗೆ ತಮ್ಮದೇ ಊರಿನ ಮನೆಗಳ ಮರಮುಟ್ಟು ತಾಗಿತು. ಹೆಣಗಳೂ ತೇಲುತ್ತಿದ್ದವು.

ಈ ಕರಾವಳಿಯ ಆಚೆ ಕಡಲಡಿಯಲ್ಲಿ ಪೆಸಿಫಿಕ್ ಫಲಕ ಜಪಾನಿನ ನೆಲದ ಅಡಿಗೆ ಜಾರುತ್ತಲೇ ಇದೆ. 1896ರಲ್ಲಿ ಇವೆರಡರ ನಡುವಿನ ಬಿರುಕು ನಿಧಾನವಾಗಿ ಸರಿಯಿತು. ಅದಕ್ಕೇ ನಡುಕ ಸಣ್ಣದು, ಎತ್ತಿದ ನೀರು ಮಾತ್ರ ಅಪಾರ. ಮೇಲಾಗಿ, ಸಾನ್ರಿಕು ಎಂದರೆ ಸಮುದ್ರ ಹೊಕ್ಕ ಬೆಟ್ಟದ ಕಣಿವೆಗಳ ಸಾಲು. ಬಾಯಿ ಅಗಲ, ಒಳಗೆ ಹೋದಂತೆ ಕಿರಿದು, ಥೇಟ್ ಲಾಳಿಕೆ. ಬಿರುಗಾಳಿಯ ದಿನ ದೋಣಿಗಳಿಗೆ ಆಸರೆ ಕೊಡುವ ಇವೇ ಕೊಲ್ಲಿಗಳು ಸುನಾಮಿಯ ದಿನ ನೀರನ್ನು ಹಿಂಡಿ ಮೇಲಕ್ಕೆ ಎತ್ತುತ್ತವೆ. ರ್‍ಯೋರಿ ಎಂಬಲ್ಲಿ ಅಂದು ನೀರು 38 ಮೀಟರ್ ಎತ್ತರಕ್ಕೆ ಹತ್ತಿತ್ತು.

ಉಳಿದವರು ಗುಡ್ಡದ ಮೇಲೆ ಮನೆ ಕಟ್ಟಿದರು. ಆಮೇಲೆ ಒಬ್ಬೊಬ್ಬರಾಗಿ ಇಳಿದು ಬಂದರು. ಇದೇಕೆ ಎಂದು ಊರೂರು ಸುತ್ತಿ ಕೇಳಿದವರು ಯಾಮಾಗುಚಿ ಯಾಯಿಚಿರೋ ಎಂಬ ಭೂಗೋಳ ತಜ್ಞರು. ಕಾರಣಗಳು ಸರಳ: ದೋಣಿ ಕೆಳಗೆ, ಮನೆ ಮೇಲೆ ಎಂದರೆ ದಿನವೂ ಹತ್ತಿ ಇಳಿಯುವ ಪಾಡು. ಸುನಾಮಿ ಕಾಣದ ಹೊರಗಿನವರು ಬಂದು ದಡದಲ್ಲೇ ಬಿಡಾರ ಹೂಡಿ ಒಳ್ಳೆಯ ಮೀನು ಹಿಡಿದರೆ, ಮೇಲೆ ಕೂತವನ ಹೊಟ್ಟೆ ಉರಿಯದೇ? ನಮ್ಮ ಕರಾವಳಿಯಲ್ಲಿ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡರೂ ದೂರ ಹೋಗಲೊಪ್ಪದ ಮೀನುಗಾರರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಇಳಿದು ಬಂದದ್ದನ್ನು ಮರೆವು ಎನ್ನುವುದು ಅರ್ಧ ಸತ್ಯ. ಹೊಟ್ಟೆಪಾಡೂ ಅಷ್ಟೇ ಇದೆ.

1933ರ ಮಾರ್ಚ್ 3ರ ನಸುಕಿಗೆ ಮುನ್ನ, ಕೊರೆಯುವ ಚಳಿಯಲ್ಲಿ, ಮತ್ತೆ ಬಂತು. ಸುಮಾರು 3,000 ಜನ ಹೋದರು.

ಆನೆಯೋಶಿ ಎಂಬ ಪುಟ್ಟ ಕೇರಿಯಲ್ಲಿ 1896ರಲ್ಲಿ ಉಳಿದವರು ಇಬ್ಬರು, 1933ರಲ್ಲಿ ನಾಲ್ವರು. ಆಮೇಲೆ ಕಡಲಿಗೆ ಇಳಿಯುವ ದಾರಿಯ ಬದಿಯಲ್ಲಿ ಒಂದು ಕಲ್ಲು ನೆಟ್ಟರು. ಇದರಿಂದ ಕೆಳಗೆ ಮನೆ ಕಟ್ಟಬೇಡಿ ಎಂಬುದು ಅದರಲ್ಲಿ ಕೆತ್ತಿದ ಮಾತಿನ ತಿರುಳು. ಕೇರಿ ಆ ಮಾತು ಮೀರಲಿಲ್ಲ. 2011ರ ಮಾರ್ಚ್ 11ರಂದು ಅದೇ ಕಣಿವೆಯಲ್ಲಿ ನೀರು 40 ಮೀಟರ್ ಎತ್ತರಕ್ಕೆ ಏರಿತು. ಆದರೆ ಕಲ್ಲಿಗೆ ಇನ್ನೂ ನೂರು ಮೀಟರ್ ದಾರಿ ಇರುವಂತೆಯೇ ನಿಂತಿತು. ಒಂದು ಮನೆಗೂ ನೀರು ತಾಗಲಿಲ್ಲ. ಆದರೆ ಆ ಹೊತ್ತು ಕೇರಿಯ ಹೊರಗಿದ್ದ ಒಬ್ಬ ತಾಯಿ, ಮೂವರು ಮಕ್ಕಳು ಬೇರೆಡೆ ಕೊಚ್ಚಿಹೋದರು. ಕಲ್ಲಿನ ರಕ್ಷಣೆ ಕಲ್ಲಿರುವ ಕಡೆಗಷ್ಟೇ.

ತಾರೋ ಪಟ್ಟಣ ಮಾತ್ರ ಗುಡ್ಡ ಹತ್ತಲಿಲ್ಲ. ಅಷ್ಟು ಜನರಿಗೆ ಮೇಲೆ ಜಾಗವೂ ಇರಲಿಲ್ಲ. 1934ರಿಂದ ಅಲ್ಲಿ ಗೋಡೆ ಏಳತೊಡಗಿತು. ದಶಕಗಳ ಮೇಲೆ ಹತ್ತು ಮೀಟರ್ ಎತ್ತರ, ಒಟ್ಟು ಎರಡೂವರೆ ಕಿಲೋಮೀಟರಿನಷ್ಟು ಉದ್ದಕ್ಕೆ ಬೆಳೆಯಿತು. ಆ ಕಾಲದವರ ಜಾಣತನ ಬೀದಿಗಳಲ್ಲೂ ಕಾಣುತ್ತದೆ. ನೇರ ಬೀದಿಗಳು ಬೆಟ್ಟದ ಬುಡಕ್ಕೇ ಹೋಗಿ ಮುಟ್ಟುತ್ತಿದ್ದವು. ನಾಲ್ಕು ದಾರಿ ಕೂಡುವಲ್ಲಿ ನಿವೇಶನದ ಮೂಲೆಯನ್ನೇ ಓರೆಯಾಗಿ ಕತ್ತರಿಸಿದ್ದರು. ಕತ್ತಲಲ್ಲಿ ಓಡುವವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಬಾರದಲ್ಲ! ಗೋಡೆ ಕಟ್ಟಿದವರಿಗೂ ಓಡಬೇಕೆಂಬುದು ಗೊತ್ತಿತ್ತು ಎಂದಾಯಿತು.

1960ರಲ್ಲಿ ಚಿಲಿಯ ಭೂಕಂಪ ಎಬ್ಬಿಸಿದ ಸುನಾಮಿ ಜಪಾನಿನಲ್ಲಿ 140ಕ್ಕೂ ಹೆಚ್ಚು ಜನರನ್ನು ಕೊಂದಿತು. ತಾರೋಗೆ ಏನೂ ಆಗಲಿಲ್ಲ, ಗೋಡೆಯ ಕೀರ್ತಿ ಹಬ್ಬಿತು. 2011ರಲ್ಲಿ ಬಂದದ್ದು 16 ಮೀಟರ್ ದಾಟಿದ ನೀರು. ಗೋಡೆಯ ಒಂದು ಭಾಗ ಮುರಿದೇ ಬಿತ್ತು. ಸತ್ತವರು ಸುಮಾರು 180. ಗೋಡೆಯ ಹಿಂದೆ ನಿಂತವರಿಗೆ ಕಡಲು ಕಾಣುತ್ತಿರಲಿಲ್ಲ, ಮೊದಲ ಎಚ್ಚರಿಕೆಯಲ್ಲಿ ಆ ಪ್ರಾಂತ್ಯಕ್ಕೆ ಹೇಳಿದ ಎತ್ತರ ಮೂರೇ ಮೀಟರ್. ಮೂರಕ್ಕೆ ಹತ್ತರ ಗೋಡೆ ಸಾಲದೇ?

ಹಾಗೆಂದು ಗೋಡೆಯನ್ನೇ ಹಳಿದರೆ ಫುದಾಯ್ ಹಳ್ಳಿ ಒಪ್ಪುವುದಿಲ್ಲ. ನಾಲ್ಕು ದಶಕ ಅದರ ಮೇಯರ್ ಆಗಿದ್ದ ವಾಮುರಾ ಕೊತೊಕು 1933ರ ಹೆಣಗಳನ್ನು ಕಣ್ಣಾರೆ ಕಂಡವರು. 1896ರಲ್ಲಿ ನೀರು 15 ಮೀಟರ್ ಬಂದಿತ್ತೆಂಬ ಹಿರಿಯರ ಮಾತು ಅವರ ಕಿವಿಯಲ್ಲಿತ್ತು. ನದಿಗೆ ಅಡ್ಡಲಾಗಿ 15.5 ಮೀಟರಿನ ತೂಬುಗೋಡೆಯೇ ಆಗಬೇಕೆಂದು ಪಟ್ಟು ಹಿಡಿದರು. ಮೂರು ಸಾವಿರ ಜನರ ಊರಿಗೆ ಇಷ್ಟು ದುಡ್ಡೇ ಎಂದು ಬೈಸಿಕೊಂಡರು. 1984ರಲ್ಲಿ ಕೆಲಸ ಮುಗಿಯಿತು, 1997ರಲ್ಲಿ ಅವರು ತೀರಿಕೊಂಡರು. 2011ರಲ್ಲಿ ನೀರು ಗೋಡೆಯ ನೆತ್ತಿಯನ್ನು ದಾಟಿತಾದರೂ ಅದರ ಸೊಕ್ಕು ಅಲ್ಲೇ ಮುರಿಯಿತು. ಗೋಡೆಯ ಆಚೆಯ ಬಂದರು ನಾಶವಾಯಿತು, ಊರು ಉಳಿಯಿತು. ಕಾಣೆಯಾದವನು ಒಬ್ಬನೇ, ದೋಣಿ ನೋಡಲು ಹೋದವನು. ಊರವರು ಮೇಯರ್ ಸಮಾಧಿಗೆ ಹೋಗಿ ಕೈಮುಗಿದರು.

ಕಾಮೈಶಿಯ ಉನೊಸುಮಾಯ್‌ನಲ್ಲಿ ಎರಡು ಶಾಲೆಗಳಿದ್ದವು. ಸರ್ಕಾರಿ ನಕ್ಷೆಯಲ್ಲಿ ಎರಡೂ ಮುಳುಗಡೆ ಗೆರೆಯ ಹೊರಗೆ. ನಕ್ಷೆಯನ್ನು ನಂಬಬೇಡಿ ಎಂದು ಆ ಮಕ್ಕಳಿಗೆ ಕಲಿಸಿದ್ದವರು ಪ್ರಾಧ್ಯಾಪಕ ಕತಾದಾ ತೋಶಿತಾಕಾ. 2011ರಲ್ಲಿ ಗೊತ್ತುಮಾಡಿದ್ದ ಜಾಗಕ್ಕೆ ಓಡಿದ ಮಕ್ಕಳು, ಅಲ್ಲಿನ ಗುಡ್ಡ ಕುಸಿಯುತ್ತಿರುವುದು ಕಂಡು ಇನ್ನೂ ಮೇಲೆ ಹೋದರು, ಅಲ್ಲಿಂದ ಮತ್ತೂ ಮೇಲೆ. ದೊಡ್ಡವರು ಚಿಕ್ಕವರ ಕೈ ಹಿಡಿದಿದ್ದರು. ಆ ದಿನ ಶಾಲೆಯಲ್ಲಿದ್ದ ಸುಮಾರು 570 ಮಕ್ಕಳು ಬದುಕಿದರು. ಅದೇ ಊರಿನಲ್ಲಿ, ಅಣಕು ಕವಾಯತಿಗೆ ಬಳಸುತ್ತಿದ್ದ ಕಟ್ಟಡವೇ ಸುರಕ್ಷಿತವೆಂದು ನಂಬಿ ಒಳಹೊಕ್ಕ ನೂರಕ್ಕೂ ಹೆಚ್ಚು ಜನ ಅಲ್ಲೇ ತೀರಿಕೊಂಡರು.

ತಾರೋದಲ್ಲಿ ಈಗ ಆರು ಅಂತಸ್ತಿನ ಒಂದು ಹೋಟೆಲನ್ನು ಹಾಗೇ ಉಳಿಸಿದ್ದಾರೆ. ಕೆಳಗಿನ ಎರಡು ಅಂತಸ್ತುಗಳಲ್ಲಿ ಗೋಡೆ, ಬಾಗಿಲು ಒಂದೂ ಇಲ್ಲ. ಬರೀ ಕಬ್ಬಿಣದ ಕಂಬಗಳ ನಡುವೆ ಗಾಳಿ ಆಡುತ್ತದೆ. ಸಾಕಷ್ಟು ಮನೆಗಳು ಗುಡ್ಡ ಕಡಿದು ಮಾಡಿದ ಹೊಸ ಬಡಾವಣೆಗೆ ಹೋಗಿವೆ. ಕಡಲ ಕಡೆ ಹೊಸ ಗೋಡೆ ಎದ್ದಿದೆ. ಅದರ ಎತ್ತರ 14.7 ಮೀಟರ್. 2011ರ ನೀರು ಅದನ್ನೂ ಹಾಯುತ್ತಿತ್ತು ಎಂಬುದು ಕಟ್ಟಿದವರಿಗೆ ಗೊತ್ತು; ನೂರು ವರ್ಷಕ್ಕೊಮ್ಮೆ ಬರುವಂಥದ್ದನ್ನು ತಡೆಯಲು ಅದು, ಅದಕ್ಕೂ ದೊಡ್ಡದು ಬಂದರೆ ಬೆಟ್ಟದ ಮೆಟ್ಟಿಲುಗಳಿವೆ.